ಯೋಜನೆಯಲ್ಲಿ ಹದಿಮೂರು-ಎ

ನನ್ನ ಬಡ್ತಿಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಸಿಕ್ಕಿದ್ದು ಎರಡು, ಎರಡೂ ತಡವಾಗಿ, ಅದರ ಸಿಟ್ಟು ಇನ್ನೂ ಇಳಿದಿಲ್ಲ. ಬರೆಯಹೊರಟಿದ್ದು ಬೇರೆ. ಈಗ ನಕ್ಷೆ ಬರೆಯುವ ಕೆಲಸಕ್ಕೆ ಸೇರುವವರು ಪರದೆಯ ಮೇಲೆ ಒಂದು ಚೌಕ ಎಳೆದು, ಪಕ್ಕದಲ್ಲಿ ಇನ್ನೊಂದು ಎಳೆದು, ನಡುವೆ ಒಂದು ಬಾಣ ಬಿಟ್ಟು ಛಾ ಕುಡಿಯಲು ಎದ್ದು ಹೋಗುತ್ತಾರೆ. ಆ ಬಾಣ ತನ್ನಿಂದ ತಾನೇ ಹುಟ್ಟಿತೆಂದು ತಿಳಿದಿದ್ದಾರೆ. ಅಂಥ ಬಾಣ ಬಿಡುವ ಪ್ರೋಗ್ರಾಮನ್ನು ನಮ್ಮ ಕಾರ್ಖಾನೆಯಲ್ಲೇ ತಯಾರಿಸಬೇಕೆಂದು, ಎಂಬತ್ತರ ದಶಕದ ನಡುವೆ, ನಾವು ಒಂದೂವರೆ ವರ್ಷ ಯೋಜನೆ ಹಾಕಿದೆವು. ಪ್ರೋಗ್ರಾಮು ಬರೆಯಲು ಹಿಡಿದದ್ದು ನಾಲ್ಕು ತಿಂಗಳು. ಉಳಿದದ್ದೆಲ್ಲ ಯೋಜನೆಯೇ. ಅದರ ನಡುವೆ ಒಬ್ಬ ಮನುಷ್ಯನ ಉಸಿರು ಸಿಕ್ಕಿಹಾಕಿಕೊಂಡಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಿಂಚೋಳಿ ತಾಲೂಕಿನವನು, ಕುರಿ ಸಾಕುವ ಮನೆತನ. ನಮ್ಮಪ್ಪ ಕುರಿ ಎಣಿಸುವುದರಲ್ಲಿ ಎಂದೂ ತಪ್ಪಿದವನಲ್ಲ. ನಾನು ಗುಲಬರ್ಗಾದಲ್ಲಿ ನಕ್ಷೆ ಬರೆಯುವುದನ್ನು ಕಲಿತು, ವಾಡಿ ಮತ್ತು ಚಿತ್ತಾಪುರದ ನಡುವಿನ ಒಂದು ಸಿಮೆಂಟು ಕಾರ್ಖಾನೆಯ ಡ್ರಾಯಿಂಗ್ ಆಫೀಸಿಗೆ ಸೇರಿದೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ, ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತದೆ.

ನನ್ನ ಎದುರಿನ ಮೇಜಿನಲ್ಲಿ ಕೂರುತ್ತಿದ್ದವನು ಸಾಬಣ್ಣ, ನಮ್ಮ ಟ್ರೇಸರ್. ಈಗಿನವರಿಗೆ ಟ್ರೇಸರ್ ಎಂದರೆ ಗೊತ್ತಿರಲಿಕ್ಕಿಲ್ಲ. ನಾನು ಪೆನ್ಸಿಲಿನಲ್ಲಿ ಬರೆದ ಹಾಳೆಯನ್ನು ಗಾಜಿನ ಮೇಜಿನ ಮೇಲೆ ಹಾಸಿ, ಕೆಳಗೆ ದೀಪ ಹಚ್ಚಿ, ಅದರ ಮೇಲೆ ತೆಳುವಾದ ಟ್ರೇಸಿಂಗ್ ಹಾಳೆ ಇಟ್ಟು, ಕೆಳಗೆ ಕಾಣುವ ಪ್ರತಿ ಗೆರೆಯನ್ನೂ ಮಸಿಯಲ್ಲಿ ಎಳೆಯುವವನು ಟ್ರೇಸರ್. ತಪ್ಪಾದರೆ ಅರ್ಧ ಬ್ಲೇಡಿನಿಂದ ಮಸಿ ಕೆರೆಯಬೇಕು. ಅವನಿಗೆ ಒಂದೇ ಧರ್ಮ: ಕಂಡದ್ದನ್ನು ಎಳೆಯಬೇಕು, ಕಾಣದ್ದನ್ನು ಎಳೆಯಬಾರದು, ಏನೆಂದು ಕೇಳಬಾರದು.

ಈ ಧರ್ಮವನ್ನು ಸಾಬಣ್ಣನಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರನ್ನು ನಾನು ಕಂಡಿಲ್ಲ. ಒಮ್ಮೆ ಕನ್ವೇಯರ್ ನಕ್ಷೆಯ ಮೂಲೆಯಲ್ಲಿ ನಾನು ಮರೆಯಬಾರದೆಂದು 'ಜೋಳ ಹತ್ತು ಕಿಲೋ, ಕುಸುಬಿ ಎಣ್ಣೆ ಎರಡು' ಎಂದು ಗೀಚಿಕೊಂಡಿದ್ದೆ. ಸಾಬಣ್ಣ ಅದನ್ನೂ ಮುತ್ತಿನಂಥ ಅಕ್ಷರದಲ್ಲಿ ಮಸಿ ಮಾಡಿದ. ನಕ್ಷೆ ನಾಲ್ಕು ಸಹಿ ದಾಟಿ ಹೋಯಿತು. ಎಂಟು ದಿನದ ಮೇಲೆ ಉಗ್ರಾಣದಿಂದ ಕಾಗದ ಬಂತು: ಎಣ್ಣೆ ಯಾವ ದರ್ಜೆಯದು, ಗೇರ್ ಬಾಕ್ಸಿಗೋ ಬೇರಿಂಗಿಗೋ ತಿಳಿಸತಕ್ಕದ್ದು.

ಇನ್ನು ಅವನ ಉಸಿರಿನ ವಿಷಯ. ಸಾಬಣ್ಣ ಕಾಗಿಣಾ ನದಿಯ ದಂಡೆಯ ಊರಿನವನು. ಅವರ ಹಿರಿಯರು ನದಿಯಲ್ಲಿ ದೋಣಿ ಹಾಕಿ ಬದುಕಿದವರು, ಇವನು ನೌಕರಿ ಹುಡುಕಿ ನಮ್ಮಲ್ಲಿಗೆ ಬಂದ. ಮೊದಲ ಎಂಟು ವರ್ಷ ಅವನನ್ನು ಹಾಕಿದ್ದು ಕ್ರಷರಿನಲ್ಲಿ, ಕಲ್ಲು ಪುಡಿ ಮಾಡುವ ಯಂತ್ರದ ಬಾಯಿಯಲ್ಲಿ. ಧೂಳು ತಿಂದು ತಿಂದು ದಮ್ಮು ಹತ್ತಿತು. ಶಹಾಬಾದದ ಡಾಕ್ಟರರು ಎದೆಗೆ ಕೊಳವೆ ಇಟ್ಟು ಕೇಳಿ, 'ಇನ್ನೆರಡು ವರ್ಷ ಆ ಧೂಳಾಗ ನಿಂತ್ರ ನನ್ನ ಕಡಿ ಬರೂದೇ ಬ್ಯಾಡ, ಬಂದೂ ಉಪಯೋಗ ಇಲ್ಲ' ಎಂದಿದ್ದರು. ಅಕ್ಷರ ಚೆನ್ನಾಗಿದ್ದ ಕಾರಣಕ್ಕೆ ಟ್ರೇಸರ್ ಆಗಿ ನಮ್ಮ ಕೋಣೆಗೆ ಬಂದ, ಬದುಕಿದ. ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು.

ಇಂಥದ್ದರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಜೊತೆಗೆ ಪೆನ್ನು ಹಿಡಿದು ತಾನೇ ಗೆರೆ ಎಳೆಯುವ ಇನ್ನೊಂದು ಯಂತ್ರ. ಅವೆರಡರ ಜೊತೆಗೆ ಮೈಸೂರು ಕಡೆಯ ಎಂಜಿನಿಯರ್ ಶ್ರೀಕಂಠ. ನಮ್ಮ ಮ್ಯಾನೇಜರ್ ಜಹಗೀರದಾರ ಸಾಹೇಬರು ನನ್ನನ್ನು ಕರೆದು, 'ದೇಶ ಎಲ್ಲಿಗಿ ಹೊಂಟದ, ನೀವಿನ್ನೂ ಬ್ಲೇಡಿಲೆ ಮಸಿ ಕೆರಕೋತ ಕುಂತೀರಿ' ಎಂದರು. ನಾನು ಮಸಿ ಕೆರೆಯುವವನಲ್ಲ, ಪೆನ್ಸಿಲಿನವನು. ಆದರೆ ಅವರಿಗೆ ಅದನ್ನು ಹೇಳಿ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವವರು ಯಾರು?

ಶ್ರೀಕಂಠ ನೇರ ಮನುಷ್ಯ. ಮೊದಲ ಸಭೆಯಲ್ಲೇ ಹೇಳಿದ: 'ಸಾರ್, ಚೌಕ, ವೃತ್ತ, ಗೆರೆ, ಬಾಣ, ಅಕ್ಷರ. ಇಷ್ಟು ಬಂದ್ರೆ ಎಲ್ಲಾ ನಕ್ಷೆನೂ ಬರುತ್ತೆ. ನಾಲ್ಕು ತಿಂಗಳು ಕೊಡಿ, ಪ್ರೋಗ್ರಾಂ ಬರ್ಕೊಡ್ತೀನಿ.'

'ಪ್ಲಾನ್ ಎಲ್ಲದ?' ಎಂದರು ಸಾಹೇಬರು.

'ಇದೇ ಪ್ಲಾನು ಸಾರ್.'

'ಇದು ಮಾತಪಾ. ಪ್ಲಾನ್ ಅಂದ್ರ ಗ್ವಾಡಿಗಿ ಹಚ್ಚುವಂಥದ್ದು.'

ಹೀಗೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಲು ಒಂದು ಸಮಿತಿ ಆಯಿತು. ಸಮಿತಿ ಕೂರುತ್ತಿದ್ದದ್ದು ಕಂಪ್ಯೂಟರಿನ ಕೋಣೆಯಲ್ಲಿ. ಯಂತ್ರಕ್ಕೆ ಸೆಕೆಯಾಗಬಾರದೆಂದು ಇಡೀ ಕಾರ್ಖಾನೆಯಲ್ಲಿ ಆ ಒಂದೇ ಕೋಣೆಗೆ ಎಸಿ ಹಾಕಿಸಿದ್ದರು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ಕಂಡವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಐದು ಜನರ ಸಮಿತಿ ಹದಿನೆಂಟಾಯಿತು. ಬಾಗಿಲ ಹೊರಗೆ ಚಪ್ಪಲಿ ಸಾಲು ಹಚ್ಚಿತು. ಗಣಿಯವರು, ಭದ್ರತೆಯವರು, ಕ್ಯಾಂಟೀನಿನ ಮೇಲ್ವಿಚಾರಕ, ಎಲ್ಲರಿಗೂ ನಕ್ಷೆಯ ಬಗ್ಗೆ ಅಭಿಪ್ರಾಯ ಹುಟ್ಟಿತು. ಚೌಕದ ಮೂಲೆ ಚೂಪಾಗಿರಬೇಕೋ ಗುಂಡಗಿರಬೇಕೋ ಎಂಬ ಬಗ್ಗೆ ಮೂರು ವಾರ ಮಾತಾಡಿದರು. ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಇಪ್ಪತ್ತು ನಿಮಿಷದಲ್ಲಿ ಚೂಪಾಗಿರಲಿ ಎಂದು ತೀರ್ಮಾನವಾಯಿತು, ಎಲ್ಲರೂ ಚಪ್ಪಲಿ ಹಾಕಿಕೊಂಡು ಹೋದರು.

ಆಮೇಲೆ ಯೋಜನೆಯ ನಕ್ಷೆ. ಒಂದೊಂದು ಕೆಲಸಕ್ಕೆ ಒಂದೊಂದು ವೃತ್ತ, ವೃತ್ತದಿಂದ ವೃತ್ತಕ್ಕೆ ಬಾಣ, ಒಟ್ಟು ಇಪ್ಪತ್ತೇಳು. ನಕ್ಷೆ ಬರೆಯುವ ಯಂತ್ರದ ನಕ್ಷೆಯನ್ನು ಬರೆಯಲು ಯಂತ್ರವಿಲ್ಲವಾದ್ದರಿಂದ ನಾನೇ ಬರೆದೆ. ಹದಿಮೂರನೆಯದು 'ಯಂತ್ರದಿಂದ ಮೊದಲ ನಕ್ಷೆ'. ಹದಿನಾಲ್ಕು 'ಎಲ್ಲ ವಿಭಾಗಗಳಿಗೆ ಹಂಚಿಕೆ'. ಇಪ್ಪತ್ತೇಳು, ಅಂದರೆ ಕಟ್ಟಕಡೆಯದು, 'ಟ್ರೇಸಿಂಗ್ ಬಂದ್. ಟ್ರೇಸರ್ ಹಿಂದಿನ ಜಾಗಕ್ಕೆ'. ಹಿಂದಿನ ಜಾಗವೆಂದರೆ ಕ್ರಷರ್. ನಾನು ಸಭೆಯಲ್ಲಿ ಅವನ ದಮ್ಮಿನ ವಿಷಯ ಎತ್ತಿದೆ. 'ಎಲ್ಲಾರಿಗೂ ಒಂದಲ್ಲ ಒಂದು ಇರತದ' ಎಂದು ಸಾಹೇಬರು ಮುಂದಿನ ವೃತ್ತಕ್ಕೆ ಹೋದರು.

ಆ ನಕ್ಷೆಯನ್ನು ಮಸಿ ಮಾಡಬೇಕಾದವನು ಸಾಬಣ್ಣನೇ. ಇಪ್ಪತ್ತೇಳನೆಯ ವೃತ್ತಕ್ಕೆ ಬಂದಾಗ ಅವನು ಪೆನ್ನು ಎತ್ತಿ, 'ಅಕ್ಷರ ಸಣ್ಣವು ಮಾಡ್ಲೇನ್ರಿ? ಇದರಾಗ ಹಿಡಸಂಗಿಲ್ಲ' ಎಂದ.

'ಏನು ಬರೀಲಿಕತ್ತಿದಿ, ಗೊತ್ತದನು ನಿನಗ?' ಎಂದೆ.

'ಗೊತ್ತದ್ರಿ, ನಂದೇ ಅದ. ಆದ್ರ ಅಕ್ಷರ ಹಿಡೀಬೇಕಲ್ಲ.'

ನನಗೆ ಅವನ ಮೇಲೆ ಸಿಟ್ಟು ಬಂತು. ತನ್ನ ಕಾಲ ಮೇಲೆ ಹಾಕುವ ಕಲ್ಲನ್ನು ಇಷ್ಟು ನಯವಾಗಿ ಕೆತ್ತುವವರುಂಟೇ ಎಂದುಕೊಂಡೆ.

ಮಸಿಯಾದ ನಕ್ಷೆ ನಾಲ್ಕು ಸಹಿಯೊಂದಿಗೆ ಗೋಡೆಗೇರಿತು. ಸಹಿ ಮಾಡಿದ ನಾಲ್ವರಲ್ಲಿ ನಾನೂ ಒಬ್ಬ, ಯಾರೂ ಸರಿಯಾಗಿ ನೋಡಿರಲಿಲ್ಲ. ಗೋಡೆಯ ಮೇಲೆ ನೋಡಿದಾಗ ಹದಿಮೂರು ಮತ್ತು ಹದಿನಾಲ್ಕರ ನಡುವೆ, ಬಾಣದ ಮೇಲೆಯೇ, ಇನ್ನೊಂದು ವೃತ್ತವಿತ್ತು. ಉಳಿದವಕ್ಕಿಂತ ದೊಡ್ಡದು, ಕೈವಾರ ಹಿಡಿದು ಎಳೆದ ಚೊಕ್ಕ ವೃತ್ತ. ಒಳಗೆ ಹೆಸರಿಲ್ಲ, ನಂಬರಿಲ್ಲ. ನನಗೆ ಕೂಡಲೇ ತಿಳಿಯಿತು. ಅದು ನನ್ನ ಛಾದ ಗ್ಲಾಸಿನ ಕಲೆ. ಪೆನ್ಸಿಲ್ ಹಾಳೆಯ ಮೇಲೆ ಗ್ಲಾಸು ಇಟ್ಟಿದ್ದೆ. ಆ ವಾರ ವೋಲ್ಟೇಜು ಇಲ್ಲದೆ ಮೇಜಿನ ಕೆಳಗಿನ ದೀಪ ಮಂಕಾಗಿತ್ತು. ಟ್ರೇಸಿಂಗ್ ಹಾಳೆಯ ಕೆಳಗಿನಿಂದ ಕಂದು ಬಣ್ಣವೂ ಪೆನ್ಸಿಲಿನಂತೆಯೇ ಕಂಡಿದೆ. ಕಂಡದ್ದನ್ನು ಸಾಬಣ್ಣ ಎಳೆದಿದ್ದಾನೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಜಹಗೀರದಾರ ಸಾಹೇಬರು ಕೋಲು ತಗೊಂಡು ಆ ವೃತ್ತಕ್ಕೆ ತಟ್ಟಿದರು. 'ಇದ್ಯಾವ ಕೆಲಸ? ಎಲ್ಲಾದಕ್ಕಿಂತ ದೊಡ್ಡದು ಅದ. ಅಂದ್ರ ಎಲ್ಲಾದಕ್ಕಿಂತ ಮುಖ್ಯ ಇದೇ ಇರಬೇಕು.'

ಶ್ರೀಕಂಠ ನನ್ನ ಮುಖ ನೋಡಿದ. ನಾನು ಎಸಿಯ ಮುಖ ನೋಡಿದೆ. ಅವನಿಗೆ ಬೇರೆ ದಾರಿ ಉಳಿಯಲಿಲ್ಲ. 'ಅದು... ಪರಿಶೀಲನೆ ಸಾರ್' ಎಂದ.

'ನಂಬರ್ ಯಾಕಿಲ್ಲ?'

ಹದಿನಾಲ್ಕರಿಂದ ಮುಂದಿನದೆಲ್ಲ ಬದಲಿಸಿದರೆ ಇಡೀ ನಕ್ಷೆ ಹೊಸದಾಗಿ ಮಸಿಯಾಗಬೇಕು. ಹಾಗಾಗಿ ಅದಕ್ಕೆ ಹದಿಮೂರು-ಎ ಎಂದು ಹೆಸರಾಯಿತು. ದೊಡ್ಡದಾದ್ದರಿಂದ ಮೂರು ತಿಂಗಳು ಕೊಟ್ಟರು. ಹದಿಮೂರು-ಎ ಮುಗಿಯದೆ ಹದಿನಾಲ್ಕು ಶುರುವಾಗಕೂಡದೆಂದು ಸಾಹೇಬರು ಬರೆಸಿದರು. ಹದಿನಾಲ್ಕು ಶುರುವಾಗದಿದ್ದರೆ ಇಪ್ಪತ್ತೇಳು ಬರುವುದಿಲ್ಲ. ಆಗಲೇ ನಾನು ತೀರ್ಮಾನಿಸಿದೆ, ಬಾಯಿ ಬಿಟ್ಟರೆ ಬಣ್ಣಗೇಡು. ಅದನ್ನು ಸಾಬಣ್ಣನಿಗೂ ಹೇಳಲಿಲ್ಲ.

ಮುಂದಿನ ತಿಂಗಳುಗಳು ನನ್ನ ನೌಕರಿಯ ಅತಿ ಸುಖದ ತಿಂಗಳುಗಳು. ಶ್ರೀಕಂಠ ಹೇಳಿದಂತೆ ನಾಲ್ಕು ತಿಂಗಳಲ್ಲಿ ಪ್ರೋಗ್ರಾಮು ಬರೆದ. ಯಂತ್ರ ಚೌಕ ಎಳೆಯಿತು, ಬಾಣವನ್ನೂ ಬಿಟ್ಟಿತು. ಹದಿಮೂರು ಮುಗಿಯಿತು. ಹದಿಮೂರು-ಎ ಎದ್ದು ನಿಂತಿತು. ಯಾರು ಮಾಡಬೇಕು, ಏನು ಮಾಡಬೇಕು, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲವೆನ್ನಲು ಯಾರಿಗೂ ಧೈರ್ಯವಿಲ್ಲ. ತಿಂಗಳ ವರದಿಯಲ್ಲಿ 'ಹದಿಮೂರು-ಎ ಪ್ರಗತಿಯಲ್ಲಿದೆ' ಎಂದು ಬರೆದು ಎಲ್ಲರೂ ಸಹಿ ಹಾಕುತ್ತಿದ್ದರು. ನಾನಂತೂ ಎಲ್ಲರಿಗಿಂತ ಮೊದಲು ಹಾಕುತ್ತಿದ್ದೆ. ಅಷ್ಟರಲ್ಲಿ ಹೆಡ್ ಆಫೀಸಿನಿಂದ ಪತ್ರ ಬಂತು: ಬೇರೆ ಕಡೆಯ ಯೋಜನೆಗಳಲ್ಲಿ ಹದಿಮೂರು-ಎ ಹಂತವೇ ಕಾಣುವುದಿಲ್ಲ, ನಿಮ್ಮ ದೂರದೃಷ್ಟಿ ಮೆಚ್ಚತಕ್ಕದ್ದು. ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ತೂಗುಹಾಕಿದರು.

ಒಂದು ದಿನ ಸಾಬಣ್ಣ ಏನೋ ತಿದ್ದುಪಡಿಗೆಂದು ಕಪಾಟಿನಿಂದ ನನ್ನ ಪೆನ್ಸಿಲ್ ಹಾಳೆ ತೆಗೆದ. ಕಿಟಕಿಯ ಬೆಳಕಿನಲ್ಲಿ ಹಿಡಿದು ನೋಡಿದ. ಹಾಳೆಯನ್ನು ನನ್ನ ಮುಂದಿಟ್ಟು, 'ಮಲ್ಲಣ್ಣೋರ, ಇದು ಛಾದ ಗ್ಲಾಸಿಂದು' ಎಂದ.

'ಹೌದು. ಸುಮ್ಮ ಕುಂದ್ರು.'

'ನಿಮಗ ಮೊದಲೇ ಗೊತ್ತಿತ್ತೇನ್ರಿ?'

'ಗೊತ್ತಿತ್ತು. ಅದೇ ಗ್ಲಾಸು ನಿನಗ ಕ್ರಷರಿಗೆ ಹೋಗಗೊಡವಲ್ದು. ಕೈ ಮುಗೀತೀನಿ, ಒಳಗಿಡು.'

ಅವನು ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡ. 'ಹದಿನೆಂಟು ಮಂದಿ ಛಾದ ಕಲಿಗಿ ಸಹಿ ಹಾಕ್ಲಿಕತ್ತಾರ, ಅದು ನನ್ನ ಕೈಲೆ ಆಗ್ಯದ' ಎಂದು ಹಾಳೆ ಸುರುಳಿ ಸುತ್ತಿಕೊಂಡು ಸಾಹೇಬರ ಕೋಣೆಗೆ ಹೊರಟೇಬಿಟ್ಟ. ನಾನು ಹಿಂದೆಯೇ ಓಡಿದೆ.

ಸಾಹೇಬರು ಹಾಳೆ ನೋಡಿದರು, ಗೋಡೆಯ ಮೇಲಿನ ಕಟ್ಟು ಹಾಕಿದ ಪತ್ರವನ್ನು ನೋಡಿದರು. 'ಕಲಿ ಇದ್ದದ್ದು ಖರೇ' ಎಂದರು. 'ಆದ್ರ ಈಗ ಅದಕ್ಕ ನಂಬರ್ ಬಂದದ. ನಂಬರ್ ಬಂದ ಮ್ಯಾಲ ಅದು ಕಲಿ ಅಲ್ಲ, ಕೆಲಸ. ಹೆಡ್ ಆಫೀಸಿಗೆ ಹೋಗಿ ನಾ ಏನು ಹೇಳ್ಲಿ, ಛಾ ಚೆಲ್ಲಿತ್ತು ಅಂತ ಹೇಳ್ಲೇನು?'

ಸಾಬಣ್ಣ ತಲೆ ತಗ್ಗಿಸಿ, 'ತಪ್ಪು ನಂದದ್ರಿ' ಎಂದ.

'ಹಂಗಾದ್ರ ನೀನೇ ಮಾಡು. ಇವತ್ತಿನಿಂದ ಹದಿಮೂರು-ಎ ನಿನ್ನ ಜಿಮ್ಮೇದಾರಿ. ಅದು ಮುಗೀತು ಅಂತ ನೀ ಸಹಿ ಹಾಕೋತನ ಹದಿನಾಲ್ಕು ಶುರು ಆಗಂಗಿಲ್ಲ.'

ಹೊರಗೆ ಬಂದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ಅವನ ಕುತ್ತಿಗೆಯ ಹಗ್ಗವನ್ನು ಸಾಹೇಬರೇ ಅವನ ಕೈಗೆ ಕೊಟ್ಟಂತಾಗಿತ್ತು. ಸಹಿ ಹಾಕದಿದ್ದರಾಯಿತು. ಹತ್ತು ವರ್ಷ ಪ್ರಗತಿಯಲ್ಲಿದೆ ಎಂದು ಬರೆದುಕೊಂಡು ಆರಾಮ ನಿವೃತ್ತನಾಗಬಹುದು. ಅವನಿಗೂ ಅದನ್ನೇ ಹೇಳಿದೆ.

'ಕೆಲಸ ಇಲ್ದ ನಡದದ ಅಂತ ಹೆಂಗ ಬರೀಲಿ?' ಎಂದ ಸಾಬಣ್ಣ. 'ಪರಿಶೀಲನೆ ಅಂದ್ರ ನೋಡೂದಲ್ಲೇನ್ರಿ? ನೋಡತೀನಿ.'

ಮರುದಿನ ಚಪ್ಪಲಿ ಹೊರಗೆ ಬಿಟ್ಟು, ಬ್ಲೇಡು ಜೇಬಿನಲ್ಲಿಟ್ಟುಕೊಂಡು ಕಂಪ್ಯೂಟರಿನ ಕೋಣೆಗೆ ಹೋದ. ಯಂತ್ರ ಬರೆದ ನಕ್ಷೆಯೊಂದನ್ನು ಕೇಳಿ ತಂದ. ಅದೇ ನಕ್ಷೆಯನ್ನು ತಾನು ಕೈಯಲ್ಲಿ ಮಸಿ ಮಾಡಿದ್ದ ಹಾಳೆಯನ್ನು ಅದರ ಮೇಲಿಟ್ಟ. ದೀಪ ಹಚ್ಚಿದ. ಎರಡು ಗೆರೆಗಳು ಒಂದನ್ನೊಂದು ದಾಟಿ ಹೋಗುವ ಕಡೆ ನಾವು ಕೈಯಲ್ಲಿ ಸಣ್ಣ ಕಮಾನು ಹಾಕುತ್ತಿದ್ದೆವು, ಕೂಡಿಲ್ಲವೆಂದು ತಿಳಿಯಲಿ ಎಂದು. ಯಂತ್ರ ಎಲ್ಲವನ್ನೂ ನೇರ ಎಳೆದಿತ್ತು. ಅದನ್ನು ನಂಬಿ ತಂತಿ ಎಳೆದಿದ್ದರೆ ಕಲ್ಲು ಸುಡುವ ಭಟ್ಟಿಯ ಮೋಟಾರಿನ ತಂತಿ ಕ್ಯಾಂಟೀನಿನ ಬಲ್ಬಿಗೆ ಕೂಡಿರುತ್ತಿತ್ತು. ಇನ್ನೊಂದರಲ್ಲಿ ಬಾಣ ತಿರುಗಿತ್ತು. ಅದರ ಪ್ರಕಾರ ಹೊಗೆ ಚಿಮಣಿಯಿಂದ ಇಳಿದು ಕಲ್ಲಾಗಿ ಗಣಿಗೆ ಹೋಗಬೇಕು.

ಶ್ರೀಕಂಠ ಮೊದಲು ಸಿಡುಕಿದ. 'ಕಂಪ್ಯೂಟರ್ ತಪ್ಪು ಮಾಡಲ್ಲ ರೀ' ಎಂದ. ಸಾಬಣ್ಣ ಹಾಳೆಯ ಮೇಲೆ ಹಾಳೆ ಇಟ್ಟು ತೋರಿಸಿದ. ಹತ್ತನೆಯ ತಪ್ಪಿಗೆ ಶ್ರೀಕಂಠ 'ಸಾಬಣ್ಣನವರೇ' ಎಂದ. ಇಪ್ಪತ್ತಕ್ಕೆ 'ಸಾಬಣ್ಣ ಸಾರ್' ಎಂದ. ಒಟ್ಟು ನಲವತ್ತೊಂದು ತಪ್ಪು. ಒಂದೊಂದು ತಪ್ಪು ಸರಿಯಾದ ಹಾಗೂ ಸಾಬಣ್ಣ ಒಂದೊಂದು ಹೆಜ್ಜೆ ಕ್ರಷರಿನ ಕಡೆಗೆ ಹೋಗುತ್ತಿದ್ದ. ನಾನು ನೋಡಲಾರದೆ, 'ಕಡೀವೆರಡು ತಪ್ಪರ ಬಿಟ್ಟಬಿಡೋ, ನಿನ್ನ ಮಕ್ಕಳ ಮಾರಿ ನೋಡಿ ಬಿಡು' ಎಂದೆ.

'ಕಂಡದ್ದು ಕಾಣಲಿಲ್ಲ ಅನ್ಲೇನ್ರಿ?' ಎಂದು ಕೆಮ್ಮಿದ.

ಕೆಲಸ ಕೈಗೆ ಬಂದು ಮೂರು ತಿಂಗಳಾಗುವ ಮೊದಲೇ 'ಹದಿಮೂರು-ಎ ಮುಗಿದಿದೆ' ಎಂದು ಬರೆದು ಸಹಿ ಹಾಕಿದ. ಮಸಿ ಆರುವವರೆಗೆ ಕಾದು ಹಾಳೆಯನ್ನು ಸಾಹೇಬರಿಗೆ ಕೊಟ್ಟುಬಂದ. ಹದಿನಾಲ್ಕರಿಂದ ಇಪ್ಪತ್ತಾರರವರೆಗೆ ಹೆಸರಿಗಷ್ಟೇ ಕೆಲಸ, ಎಲ್ಲ ಎರಡು ವಾರದಲ್ಲಿ ಮುಗಿದವು. ಉಳಿದದ್ದು ಇಪ್ಪತ್ತೇಳು.

ಅದನ್ನೂ ಸಾಹೇಬರಿಗೆ ನಕ್ಷೆಯಲ್ಲೇ ಮಾಡಬೇಕಾಗಿತ್ತು. ಕಾರ್ಖಾನೆಯಲ್ಲಿ ಯಾರ ಕೆಳಗೆ ಯಾರು ಎಂಬ ನೌಕರರ ಹೊಸ ನಕ್ಷೆ, ಹೊಸ ಯಂತ್ರದ ಮೊದಲ ಅಧಿಕೃತ ಕೆಲಸ. ಪೆನ್ಸಿಲಿನ ಕರಡು ನನ್ನ ಕೈಗೆ ಬಂತು. ಇಪ್ಪತ್ತೆರಡು ಖಾನೆ, ಟ್ರೇಸರನ ಖಾನೆ ಇಲ್ಲ. ಕ್ರಷರಿನ ಕೆಳಗೆ ಮಾತ್ರ ಒಬ್ಬ ಹೆಚ್ಚು. ನಾನು ಶ್ರೀಕಂಠನ ಪಕ್ಕದಲ್ಲಿ ಕುಳಿತು ನಕ್ಷೆಯನ್ನು ಯಂತ್ರಕ್ಕೆ ಹಾಕಿದೆ. ಹಾಕುವಾಗ ನನ್ನ ಹೆಸರಿನ ಪಕ್ಕ ಒಂದು ಖಾನೆ ಹೆಚ್ಚಿಗೆ ಹಾಕಿದೆ: 'ನಕ್ಷೆ ತಪಾಸಣೆ, ಒಂದು ಹುದ್ದೆ'. ಶ್ರೀಕಂಠ ನೋಡಿದ, ಕನ್ನಡಕ ಒರೆಸಿಕೊಂಡ. ಸಾಹೇಬರು ಯಾವುದನ್ನೂ ಓದಿ ಸಹಿ ಹಾಕಿದವರಲ್ಲ, ನನ್ನ ಧೈರ್ಯ ಅಷ್ಟೇ.

ಆದರೆ ಯಂತ್ರದಿಂದ ಬಂದದ್ದೆಲ್ಲ ಆ ತಿಂಗಳ ಕೊನೆಗೆ ಸಾಬಣ್ಣ ಕ್ರಷರಿಗೆ ಹೋಗುವವರೆಗೆ ಅವನ ಮೇಜು ದಾಟಿಯೇ ಹೋಗಬೇಕೆಂಬುದನ್ನು ನಾನೆಂಬ ಬುದ್ಧಿಗೇಡಿ ಮರೆತಿದ್ದೆ. ಸಾಬಣ್ಣ ಕರಡಿನ ಮೇಲೆ ನಕ್ಷೆ ಇಟ್ಟ, ದೀಪ ಹಚ್ಚಿದ, ಬೆರಳಿಟ್ಟು ಎಣಿಸಿದ. ಇನ್ನೊಮ್ಮೆ ಎಣಿಸಿದ. ನನ್ನ ಕಡೆ ನೋಡಲಿಲ್ಲ. ಎದ್ದು ಸಾಹೇಬರ ಕೋಣೆಗೆ ಹೋದ. ಈ ಸಲ ನಾನು ಹಿಂದೆ ಓಡಲಿಲ್ಲ. ಹತ್ತು ನಿಮಿಷದಲ್ಲಿ ನಮಗೂ ಕರೆ ಬಂತು.

ಜಹಗೀರದಾರ ಸಾಹೇಬರ ಮುಖ ಬಿಳಿಚಿತ್ತು. 'ಶ್ರೀಕಂಠ, ನಿಮ್ಮ ಮಷೀನು ಕರಡಿನಾಗ ಇಲ್ಲದ ಒಂದು ಹುದ್ದಿ ತಾನೇ ಹುಟ್ಟಿಸ್ಯದ. ಸಾಬಣ್ಣ ಹಿಡದಾನ. ಹಿಂಗ ಆಗತದೇನು?'

ಶ್ರೀಕಂಠ ಇಲ್ಲವೆನ್ನಲು ಬಾಯಿ ತೆರೆದ. ನನ್ನ ಮುಖ ಕಂಡಿತು. 'ಒಂದೊಂದ್ಸಲ ಆಗುತ್ತೆ ಸಾರ್' ಎಂದ.

'ಇವತ್ತು ಒಂದು ಖಾನೆ ಹಾಕ್ಯದ. ನಾಳೆ ಒಂದು ಖಾನೆ ತೆಗದ್ರ? ನನ್ನದೇ ತೆಗದ್ರ?' ಸಾಹೇಬರು ನಕ್ಷೆಯ ತುದಿಯಲ್ಲಿದ್ದ ತಮ್ಮ ಖಾನೆಯ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು. 'ಇದರ ಮ್ಯಾಲ ಒಬ್ಬವ ಕಣ್ಣಿಟ್ಟು ಕುಂದ್ರಲೇಬೇಕು. ಖಾಯಂ ಕುಂದ್ರಬೇಕು. ಸಾಬಣ್ಣ, ಆ ಖಾನೆ ಹಂಗೇ ಇರ್ಲಿ. ಅದರಾಗ ನಿನ್ನ ಹೆಸರು ಹಾಕಿಸು.'

ನಾವು ಮೂವರೂ ಹೊರಗೆ ಬಂದೆವು. ಶ್ರೀಕಂಠ ಕ್ಯಾಂಟೀನಿನ ಕಡೆಗೆ ಹೋದ. ಸಾಬಣ್ಣ ವರಾಂಡದ ಕಟ್ಟೆಯ ಮೇಲೆ ಕುಳಿತ. ಉಸಿರು ಸಮವಾಗಲು ಅವನಿಗೆ ಹೊತ್ತು ಹಿಡಿಯಿತು.

'ಖಾನೆ ಮಷೀನ್ ಹಾಕಿದ್ದಲ್ರಿ' ಎಂದ. 'ಅದರ ನಲವತ್ತೊಂದು ತಪ್ಪು ನೋಡೀನಿ ನಾ. ಗೆರಿ ಕೂಡಸ್ತದ, ಬಾಣ ತಿರುಗಸ್ತದ. ಮಂದೀದು ದಮ್ಮು ಅದಕ್ಕ ತಿಳೀಯಂಗಿಲ್ಲ. ಹಾಕಿದವರು ನೀವು.'

'ಗೊತ್ತಿದ್ದೂ ಹೋಗಿ ಹೇಳಿದೆಲ್ಲೋ.'

'ಒಂದು ಖಾನೆ ಜಾಸ್ತಿ ಅದ ಅಂತ ಹೇಳಿದೆ. ಯಾರು ಹಾಕ್ಯಾರ ಅಂತ ಸಾಹೇಬ್ರು ಕೇಳಲಿಲ್ಲ.'

'ಕೇಳಿದ್ರ?'

'ಹೇಳತಿದ್ದೆ' ಎಂದ ಸಾಬಣ್ಣ.

ಹೇಳುತ್ತಿದ್ದ, ಅನುಮಾನವೇ ಇಲ್ಲ. ನನ್ನ ನೌಕರಿ ಹೋಗುತ್ತಿತ್ತು, ಅವನ ಉಸಿರು ಹೋಗುತ್ತಿತ್ತು. ಅದೆಲ್ಲ ತಿಳಿದೇ ಅವನು ಕಾಗದ ಹಿಡಿದು ಆ ಕೋಣೆಗೆ ನಡೆದಿದ್ದ. ನನಗೆ ಅವತ್ತು ನಾಚಿಕೆಯೂ ಆಯಿತು, ಕುಣಿಯುವಷ್ಟು ಸಂತೋಷವೂ ಆಯಿತು. ಅವನ ಪಕ್ಕದಲ್ಲಿ ಕುಳಿತುಕೊಂಡೆ. ಮುಂದೆ ಒಂಬತ್ತು ವರ್ಷ ಸಾಬಣ್ಣ ಅದೇ ತಂಪು ಕೋಣೆಯಲ್ಲಿ ಕೆಲಸ ಮಾಡಿ, ತನ್ನ ಕಾಲಿನ ಮೇಲೆ ನಡೆದುಕೊಂಡೇ ನಿವೃತ್ತನಾದ. ಅಷ್ಟೂ ವರ್ಷ ನಾನು ಬರೆದ ನಕ್ಷೆ ಹೋದಾಗಲೆಲ್ಲ ನನ್ನನ್ನು ಎದುರಿಗೆ ಕೂರಿಸಿಕೊಂಡು, ಖಾನೆಗಳನ್ನು ಎರಡೆರಡು ಸಲ ಎಣಿಸಿದ.